ಊರು ಕೇಳದ ಚೌಕಾಸಿ: ನಾಣ್ಯಮೇಳದ ವ್ಯಾಪಾರದ ಬಗ್ಗೆ ಒಂದು ತಕರಾರು

ವಿಜಯನಗರ ಮತ್ತು ಕೆಳದಿ ಕಾಲದ ಕ್ರಯಶಾಸನಗಳನ್ನು ಓದಿದವರಿಗೆ ಕೆಲವು ಮಾತುಗಳು ಬಾಯಿಪಾಠ ಆಗಿರುತ್ತವೆ. ಮಾರಿದವರು ಯಾರು, ಕೊಂಡವರು ಯಾರು ಅನ್ನೋದು ಮುಗಿದು ಬೆಲೆಯ ವಿಷಯ ಬಂದ ಕೂಡಲೇ ‘ತತ್ಕಾಲೋಚಿತ’, ‘ಮಧ್ಯಸ್ಥ ಪರಿಕಲ್ಪಿತ’, ‘ಉಭಯವಾದಿ ಸಮ್ಮತ’ ಎಂಬ ವಿಶೇಷಣಗಳು ಸಾಲಾಗಿ ಬರುತ್ತವೆ. ಆ ಕಾಲಕ್ಕೆ ತಕ್ಕದಾದ, ಮಧ್ಯಸ್ಥರು ನಿಗದಿ ಮಾಡಿದ, ಎರಡೂ ಕಡೆಯವರು ಒಪ್ಪಿದ ಕ್ರಯ ಅಂತ ಅರ್ಥ. ಅಂದರೆ ಅಲ್ಲೂ ಚೌಕಾಸಿ ನಡೆದಿದೆ. ಒಬ್ಬರು ಹೆಚ್ಚು ಹೇಳಿದ್ದಾರೆ, ಇನ್ನೊಬ್ಬರು ಕಡಿಮೆ ಕೇಳಿದ್ದಾರೆ, ನಡುವೆ ನಾಲ್ಕು ಜನ ಕೂತು ಮುಗಿಸಿದ್ದಾರೆ. ಶಾಸನ ಆ ಗಲಾಟೆಯನ್ನೆಲ್ಲ ಬಿಟ್ಟು ಕೊನೆಗೆ ನಿಂತ ಅಂಕಿಯನ್ನು ಮಾತ್ರ ದಾಖಲು ಮಾಡುತ್ತದೆ. ಆದರೆ ಒಂದು ಸಂಗತಿಯನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ: ಚತುಸ್ಸೀಮೆ. ಮೂಡಲಿಗೆ ಏನು, ತೆಂಕಲಿಗೆ ಏನು, ಪಡುವಲಿಗೆ ಏನು, ಬಡಗಲಿಗೆ ಏನು. ಬೆಲೆ ಎಷ್ಟೇ ಕೊಸರಾಡಿ ಇಳಿಸಿರಲಿ, ಆ ವಸ್ತು ಎಲ್ಲಿಯದು ಅನ್ನೋದನ್ನು ಬಿಟ್ಟು ಪತ್ರ ಆಗುತ್ತಿರಲಿಲ್ಲ.

ಈಗ ನಮ್ಮ ನಾಣ್ಯಮೇಳಕ್ಕೆ ಬನ್ನಿ. ಅಲ್ಲಿ ಬೆಲೆ ಇದೆ, ಉಭಯ ಸಮ್ಮತಿಯೂ ಇದೆ. ಸೀಮೆ ಇಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಕಾರ್ಖಾನೆ. ಶಾಸನ ಓದೋದು ಭಾನುವಾರದ ಕೆಲಸ, ಯಾರ ಹತ್ತಿರವೂ ಕ್ರಮವಾಗಿ ಕಲಿತಿದ್ದಲ್ಲ. ಅಕ್ಷರದ ಹುಚ್ಚು ಹತ್ತಿದ ಮೇಲೆ ಕಲ್ಲಿನಿಂದ ತಾಮ್ರಪಟಕ್ಕೆ, ಅಲ್ಲಿಂದ ನಾಣ್ಯಕ್ಕೆ ಜಾರಿದೆ. ನಾಣ್ಯ ಅಂದರೂ ಒಂದು ಚಿಕ್ಕ ಶಾಸನವೇ ತಾನೇ? ವಿಷ್ಣುವರ್ಧನನ ಗದ್ಯಾಣದ ಮೇಲೆ ‘ಶ್ರೀ ತಳಕಾಡುಗೊಂಡ’ ಅಂತ ಇರುವುದೂ, ಅವನ ಶಾಸನಗಳ ಬಿರುದಾವಳಿಯಲ್ಲಿ ತಳಕಾಡು ಗೆದ್ದ ಮಾತು ಬರುವುದೂ ಒಂದೇ ರಾಜಕೀಯದ ಎರಡು ಪ್ರತಿಗಳು. ಹಾಗಾಗಿ ಏಳೆಂಟು ವರ್ಷದಿಂದ ಬೆಂಗಳೂರಿನ ನಾಣ್ಯಮೇಳಗಳಿಗೆ ತಪ್ಪದೆ ಹೋಗುತ್ತೇನೆ. ಚೌಕಾಸಿಯಲ್ಲಿ ಪಳಗಿದ್ದೇನೆ ಅನ್ನುವ ಸಣ್ಣ ಜಂಬವೂ ಇತ್ತು. ಆ ಜಂಬ ಇಳಿದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ವಿಮರ್ಶೆ ನನ್ನಿಂದಲೇ ಶುರುವಾದರೆ ಚೆನ್ನ.

ಇಪ್ಪತ್ತಮೂರು ಆನೆಗಳು

ಎರಡು ವರ್ಷದ ಹಿಂದಿನ ಮೇಳ. ಕಲ್ಯಾಣ ಮಂಟಪದ ಹಾಲು, ಸಾಲು ಸಾಲು ಟೇಬಲ್ಲು, ಮೇಲೆ ಕೆಂಪು ವೆಲ್ವೆಟ್ಟು, ಕ್ಲಿಪ್ಪು ಹಾಕಿದ ಟೇಬಲ್ ಲ್ಯಾಂಪು. ಮೂಲೆಯ ಟೇಬಲ್ಲಿನಲ್ಲಿ ವಯಸ್ಸಾದ ಒಬ್ಬ ವ್ಯಾಪಾರಿ. ಅವರ ಮುಂದೆ ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತಾಮ್ರದ ಸಣ್ಣ ನಾಣ್ಯಗಳು. ಎಣಿಸಿದೆ, ಇಪ್ಪತ್ತಮೂರು. ಬಹುತೇಕ ವಿಜಯನಗರದ ಆನೆ ನಾಣ್ಯಗಳು, ದೇವರಾಯರ ಕಾಲದ ಮಾದರಿ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಅಕ್ಷರ. ಸಂದುಗಳಲ್ಲಿ ಇನ್ನೂ ಕೆಮ್ಮಣ್ಣು ಅಂಟಿಕೊಂಡಿತ್ತು.

ಒಂದನ್ನು ಬೆಳಕಿಗೆ ಓರೆ ಹಿಡಿದಾಗ ಆನೆಯ ಮೇಲೆ ಒಂದು ಕನ್ನಡ ಅಕ್ಷರ ಕಂಡಿತು: ‘ಲ’.

ಈ ‘ಲ’ ಯಾಕೆ ಮುಖ್ಯ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಈ ಜಾತಿಯ ನಾಣ್ಯದಲ್ಲಿ ಹಿಂಬದಿಯ ಸಾಲನ್ನಷ್ಟೇ ಓದಿದರೆ ಹೆಸರು ಪೂರ್ತಿ ಆಗುವುದಿಲ್ಲ. ಆನೆಯ ಮೇಲಿನ ‘ಲ’ವನ್ನು ಮುಂದೆ ಸೇರಿಸಿಕೊಂಡರೆ ‘ಲಖಣ ದಣಾಯಕರು’ ಅಂತ ಆಗುತ್ತದೆ. ಹಾಗೆ ಎರಡೂ ಮುಖ ಕೂಡಿಸಿ ಓದಬೇಕು ಅಂತ ತೋರಿಸಿದ್ದು ಹುಲ್ಷ್. ಈತ ಇಮ್ಮಡಿ ದೇವರಾಯನ ದಂಡನಾಯಕ ಲಕ್ಕಣ್ಣ. ಮುಳಬಾಗಿಲು ಸೀಮೆಯ ಶಾಸನಗಳಲ್ಲಿ ಬರುತ್ತಾನೆ. ದಕ್ಷಿಣ ಸಮುದ್ರಾಧಿಪತಿ ಎಂಬ ಬಿರುದು ಹೊತ್ತವನು, ಮಧುರೆಯ ಕಡೆಯ ಆಡಳಿತಕ್ಕೂ ಅವನ ಹೆಸರು ಸೇರಿಕೊಂಡಿದೆ. ಒಬ್ಬ ದಂಡನಾಯಕ ತನ್ನ ಹೆಸರಲ್ಲಿ ನಾಣ್ಯ ಹಾಕಿಸಿದ ಅನ್ನೋದೇ ದೊಡ್ಡ ಸಂಗತಿ. ಅದನ್ನು ಯಾವ ಜನರ ಕೈಗೆ ಅಂತ ಹಾಕಿಸಿದ? ಕನ್ನಡ ಓದುವ ಮುಳಬಾಗಿಲಿನವರಿಗೋ, ತಮಿಳು ಸೀಮೆಯವರಿಗೋ? ಈ ಪ್ರಶ್ನೆಗೆ ಉತ್ತರ ನಾಣ್ಯದ ಮೇಲೆ ಎಷ್ಟು ಹುಡುಕಿದರೂ ಸಿಗಲ್ಲ. ಅದು ಸಿಕ್ಕ ಜಾಗದಲ್ಲಿ ಮಾತ್ರ ಇದೆ.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ನನ್ನ ಬಾಯಿ ಏನು ಹೇಳಿತು ಗೊತ್ತಾ?

“ಎಲ್ಲಾ ಸವೆದುಹೋಗಿದೆಯಲ್ಲ ಯಜಮಾನ್ರೇ. ಏನೂ ಓದೋಕಾಗಲ್ಲ. ಹೆಂಗೆ ಕೊಡ್ತೀರಿ?”

“ಒಂದಕ್ಕೆ ನಾನೂರು ಸಾರ್. ಎಲ್ಲಾ ಒಂದೇ ಕಡೆಯವು, ಬಿಡಿಸಬೇಡಿ. ಹಂಗೇ ತಗೊಂಡ್ರೆ ಮುನ್ನೂರಕ್ಕೆ ಹಾಕ್ತೀನಿ.”

“ಮುನ್ನೂರು ಜಾಸ್ತಿ ಆಯ್ತು. ನಂಗೆ ಅಷ್ಟೆಲ್ಲ ಬೇಡ. ಆರಿಸಿಕೊಳ್ತೀನಿ, ಇನ್ನೂರು ಮಾಡಿ.”

“ಬೋಣಿ ಟೈಮು ಸಾರ್, ಹಂಗೆಲ್ಲ ಕೇಳಬೇಡಿ. ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಇನ್ನೂರೈವತ್ತು.”

ಏಳು ನಾಣ್ಯ ಆರಿಸಿದೆ. ‘ಲ’ ಇದ್ದದ್ದನ್ನು ಮಧ್ಯದಲ್ಲಿ ಸೇರಿಸಿದೆ, ಅನುಮಾನ ಬರಬಾರದಲ್ಲ. 1,750 ರೂಪಾಯಿ ಕೊಟ್ಟೆ. ಹೇಳಿದ ಬೆಲೆಗೆ ಹೋಲಿಸಿದರೆ 1,050 ರೂಪಾಯಿ ಉಳಿಯಿತು. ಹೊರಗೆ ಬಂದು ಕಾಫಿ ಕುಡಿಯುವಾಗ ಗೆದ್ದ ಖುಷಿ.

ಮನೆಗೆ ಬಂದು ಭೂತಗನ್ನಡಿ ಹಿಡಿದು ಕೂತಾಗ ಖುಷಿ ಇಳಿಯಿತು. ಏಳರಲ್ಲಿ ಎರಡು ನಾಣ್ಯದ ಆನೆ ಒಂದೇ ಅಚ್ಚಿನದು; ಬಾಲದ ಹತ್ತಿರ ಅಚ್ಚಿನ ಬಿರುಕು ಎರಡರಲ್ಲೂ ಒಂದೇ ಜಾಗದಲ್ಲಿ ಇತ್ತು. ಹಸಿರು ಕಿಲುಬಿನ ಬಣ್ಣ ಏಳರಲ್ಲೂ ಒಂದೇ. ಅಂದರೆ ಅಜ್ಜ ಹೇಳಿದ್ದು ವ್ಯಾಪಾರದ ಮಾತಲ್ಲ, ಬಹುಶಃ ನಿಜವೇ: ಎಲ್ಲಾ ಒಂದೇ ಕಡೆಯವು. ಇನ್ನೂ ಹದಿನಾರು ಆ ಡಬ್ಬಿಯಲ್ಲಿ ಉಳಿದಿವೆ. ಅದರಲ್ಲಿ ಎಷ್ಟು ‘ಲ’ ಇದ್ದವೋ. ಮರುದಿನ ಆಫೀಸು, ಹೋಗೋಕೆ ಆಗಲಿಲ್ಲ. ಮುಂದಿನ ಮೇಳದಲ್ಲಿ ಅವರನ್ನು ಹುಡುಕಿಕೊಂಡು ಹೋದೆ.

“ಅವಾ? ಅವತ್ತೇ ಹೋದ್ವು ಸಾರ್. ಒಬ್ರು ನಾಲ್ಕು, ಒಬ್ರು ಎರಡು, ಹಂಗೆ.”

“ಎಲ್ಲಿಂದ ಬಂದಿದ್ವು ಯಜಮಾನ್ರೇ?”

ಅವರು ನನ್ನ ಮುಖ ನೋಡಿದರು. “ಅವತ್ತು ನೀವು ಕೇಳ್ಲೇ ಇಲ್ವಲ್ಲ ಸಾರ್. ಮುಳಬಾಗಿಲ ಕಡೆಯಿಂದ ಒಬ್ಬ ತರ್ತಾನೆ, ತಮಿಳ್ನಾಡ ಕಡೆಯಿಂದ ಒಬ್ಬ ತರ್ತಾನೆ. ಅದು ಯಾರು ತಂದಿದ್ದೋ, ಈಗ ಹೆಂಗೆ ಹೇಳ್ಲಿ?”

ಬೇಕಿದ್ದ ಎರಡೇ ಸಾಧ್ಯತೆ. ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಸಂದಿನ ಕೆಮ್ಮಣ್ಣೂ ಸಹಾಯಕ್ಕೆ ಬರಲ್ಲ, ಅದು ಎರಡೂ ಕಡೆ ಇದೆ.

ಚೌಕಾಸಿಯ ವ್ಯಾಕರಣ

ಇದನ್ನು ನಾನು ನನ್ನೊಬ್ಬನ ದಡ್ಡತನ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆಮೇಲೆ ಮೇಳಗಳಲ್ಲಿ ಸುಮ್ಮನೆ ಟೇಬಲ್ ಪಕ್ಕ ನಿಂತು ವ್ಯಾಪಾರ ಕೇಳಿಸಿಕೊಳ್ಳತೊಡಗಿದೆ. ಹೊಸಬರು, ಹಳಬರು, ಕನ್ನಡದವರು, ಹಿಂದಿಯಲ್ಲಿ ಮಾತಾಡುವವರು ಎಲ್ಲರೂ ಇದ್ದರು. ನಾನು ಗಮನಿಸಿದ ಮಾತುಕತೆಗಳಲ್ಲಿ “ಇದು ಎಲ್ಲಿ ಸಿಕ್ಕಿದ್ದು?” ಎಂಬ ಪ್ರಶ್ನೆ ಬಂದದ್ದು ತೀರಾ ಅಪರೂಪ. ಯಾಕೆ ಅಂತ ಯೋಚಿಸಿದರೆ, ಅದು ಅಸಡ್ಡೆಯಿಂದ ಅಲ್ಲ. ಚೌಕಾಸಿಯ ವ್ಯಾಕರಣವೇ ಹಾಗಿದೆ.

ಕೊಳ್ಳುವವನ ಕಡೆಯಿಂದ ನೋಡಿ. ಚೌಕಾಸಿಯ ಮೊದಲ ಪಾಠ ಏನು? ಆಸೆ ತೋರಿಸಬಾರದು. ಸೀರೆ ಅಂಗಡಿಯಲ್ಲಿ ಅಮ್ಮಂದಿರು ಕಲಿಸಿದ್ದೂ ಅದೇ: ಇಷ್ಟ ಆಗಿದ್ದನ್ನು ಪಕ್ಕಕ್ಕಿಟ್ಟು ಬೇರೆ ಯಾವುದರದ್ದೋ ಬೆಲೆ ಕೇಳು. ನಾಣ್ಯದ ಟೇಬಲ್ಲಿನಲ್ಲಿ “ಎಲ್ಲಿಯದು?” ಅಂತ ಕೇಳಿದ ಕ್ಷಣವೇ ಈ ಗಿರಾಕಿಗೆ ಏನೋ ಗೊತ್ತಿದೆ, ಏನೋ ಬೇಕಿದೆ ಅಂತ ಬಯಲಾಗುತ್ತದೆ. ಕುತೂಹಲಕ್ಕೆ ದಂಡ ಬೀಳುತ್ತದೆ. ನಾನು ಅವತ್ತು ಊರು ಕೇಳದೆ ಇದ್ದದ್ದು ಮರೆತು ಅಲ್ಲ. ಕೇಳಿದರೆ ರೇಟು ಏರುತ್ತೆ ಅನ್ನುವ ಹೆದರಿಕೆಯಿಂದ.

ಮಾರುವವನ ಕಡೆಯಿಂದಲೂ ನೋಡಿ. ಊರು ಹೇಳಿದರೆ ಅವನಿಗೆ ಎರಡು ನಷ್ಟ. ಸರಕು ಎಲ್ಲಿಂದ ಬರುತ್ತೆ ಅಂತ ಪಕ್ಕದ ಟೇಬಲ್ಲಿನವನಿಗೆ ಗೊತ್ತಾಗುತ್ತದೆ. ಇನ್ನೊಂದು, ಕಾನೂನು. 1972ರ ಪುರಾವಸ್ತು ಕಾಯ್ದೆ ‘ಪುರಾವಸ್ತು’ ಅಂದರೆ ಏನು ಅಂತ ಹೇಳುವಾಗ ಮೊದಲ ಸಾಲಿನಲ್ಲೇ ನಾಣ್ಯವನ್ನೂ ಶಾಸನವನ್ನೂ ಒಟ್ಟಿಗೆ ಹೆಸರಿಸುತ್ತದೆ. ನೂರು ವರ್ಷ ದಾಟಿದ್ದಾದರೆ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ನೆಲದಲ್ಲಿ ಸಿಕ್ಕಿದ ನಿಧಿಯ ವಿಷಯಕ್ಕೆ 1878ರ ನಿಧಿ ಕಾಯ್ದೆ ಮತ್ತು ನಮ್ಮಲ್ಲಿ 1962ರ ಕರ್ನಾಟಕದ ಕಾಯ್ದೆ ಇವೆ. ಸಿಕ್ಕವನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹಾಗಿರುವಾಗ “ಇಂಥ ಊರಿನ ಹೊಲದಲ್ಲಿ ಹೋದ ತಿಂಗಳು ಸಿಕ್ಕಿತು” ಅಂತ ಯಾವ ವ್ಯಾಪಾರಿ ಟೇಬಲ್ಲಿನ ಮೇಲೆ ಹೇಳುತ್ತಾನೆ? “ಹಳೇ ಕಲೆಕ್ಷನ್ನು ಸಾರ್” ಅನ್ನೋದು ಎಲ್ಲಕ್ಕೂ ಸಿದ್ಧ ಉತ್ತರ.

ಹೀಗೆ ಕೇಳಿದರೆ ಒಬ್ಬನಿಗೆ ನಷ್ಟ, ಹೇಳಿದರೆ ಇನ್ನೊಬ್ಬನಿಗೆ ನಷ್ಟ. ರೂಪಾಯಿಯ ವಿಷಯದಲ್ಲಿ ಎದುರಾಳಿಗಳಾದ ಇಬ್ಬರೂ ಈ ಒಂದು ವಿಷಯದಲ್ಲಿ ಮಾತ್ರ ಮಾತಿಲ್ಲದೆ ಒಪ್ಪಿಕೊಂಡಿರುತ್ತಾರೆ. ಮೇಳದ ನಿಜವಾದ ‘ಉಭಯವಾದಿ ಸಮ್ಮತ’ ಇದೇ.

ತೆಗಳಿಕೆ, ನಾಮಕರಣ, ಬಿಡಿಸುವಿಕೆ

ಊರಿನ ಹೆಸರು ಹೋಗುವುದು ಒಂದು. ಚೌಕಾಸಿಯ ಅಭ್ಯಾಸಗಳು ನಾಣ್ಯಕ್ಕೆ ಮಾಡುವ ಹಾನಿ ಇನ್ನೂ ಇದೆ.

ಕೊಳ್ಳುವವನ ಆಯುಧ ತೆಗಳಿಕೆ. ಅಕ್ಷರ ಇಲ್ಲ, ಸವೆದಿದೆ, ಕಪ್ಪಾಗಿದೆ. ಇದನ್ನು ಕೇಳಿ ಕೇಳಿ ವ್ಯಾಪಾರಿ ಏನು ಮಾಡುತ್ತಾನೆ? ಮುಂದಿನ ಸಲ ಹುಣಸೆಹಣ್ಣು, ನಿಂಬೆಹುಳಿ, ತಂತಿಬ್ರಷ್ಷು ಹಾಕಿ ತಿಕ್ಕಿ ಫಳಫಳ ಮಾಡಿಕೊಂಡು ತರುತ್ತಾನೆ. ಕಿಲುಬಿನ ಜೊತೆ ಅಂಚಿನ ಅಕ್ಷರದ ಒತ್ತೂ ಹೋಗಿರುತ್ತದೆ. ಕಲ್ಲಿನ ಶಾಸನಕ್ಕೆ ಸುಣ್ಣ ಬಳಿದವರನ್ನು ನಾವು ಬೈಯುತ್ತೇವಲ್ಲ, ಆ ಬೈಗುಳದಲ್ಲಿ ನಮಗೂ ಪಾಲಿದೆ. ನಮ್ಮ ತೆಗಳಿಕೆಯೇ ಆ ಬ್ರಷ್ಷನ್ನು ಅವನ ಕೈಗೆ ಕೊಟ್ಟಿದ್ದು.

ಮಾರುವವನ ಆಯುಧ ನಾಮಕರಣ. ಅಕ್ಷರವೇ ಇಲ್ಲದ ನಾಣ್ಯಕ್ಕೆ ರಾಜವಂಶದ ಹೆಸರು ಕೊಟ್ಟರೆ ಬೆಲೆ ನಿಲ್ಲುತ್ತದೆ. ಒಳ್ಳೆಯ ಉದಾಹರಣೆ ಗಜಪತಿ ಪಗೋಡ ಅಂತ ಕರೆಯುವ ಚಿನ್ನದ ನಾಣ್ಯ. ಒಂದು ಬದಿಗೆ ಆನೆ, ಇನ್ನೊಂದು ಬದಿಗೆ ಬಳ್ಳಿಯ ಸುರುಳಿ, ಬರಹ ಒಂದೂ ಇಲ್ಲ. ತಲಕಾಡಿನ ಗಂಗರದ್ದು ಅನ್ನೋದು ಹಳೆಯ ವಾಡಿಕೆ. ಅಲ್ಲ, ಒಡಿಶಾದ ಗಜಪತಿಗಳದ್ದು ಅನ್ನುವ ಇನ್ನೊಂದು ವಾದ ಇದೆ. ಈ ಜಗಳ ತೀರ್ಮಾನ ಆಗಬೇಕಾದರೆ ಇಂಥ ನಾಣ್ಯ ಯಾವ ಯಾವ ಊರಿನ ನಿಧಿಗಳಲ್ಲಿ, ಬೇರೆ ಯಾವ ನಾಣ್ಯದ ಜೊತೆ ಸಿಕ್ಕಿವೆ ಅಂತ ನೋಡಬೇಕು. ಟೇಬಲ್ಲಿನ ಚೀಟಿಯ ಮೇಲೆ ಮಾತ್ರ ಯಾವ ಅನುಮಾನವೂ ಇರಲ್ಲ: ‘ಪಶ್ಚಿಮ ಗಂಗ, ರೇರ್’. ನಾವೂ ಆ ‘ರೇರ್’ ಬಗ್ಗೆ ಕೊಸರಾಡುತ್ತೇವೆ, ‘ಗಂಗ’ದ ಬಗ್ಗೆ ಕೇಳಲ್ಲ.

ಇಬ್ಬರೂ ಸೇರಿ ಬಳಸುವ ಆಯುಧ ಬಿಡಿಸುವಿಕೆ. ಲಾಟಿನ ಬೆಲೆ ಕುದುರದಿದ್ದರೆ ಆರಿಸಿಕೊಳ್ಳುವುದು. ನಾನು ಮಾಡಿದ್ದು ಇದನ್ನೇ. ಎಲ್ಲಕ್ಕಿಂತ ದೊಡ್ಡ ಹಾನಿಯೂ ಇದೇ. ಯಾಕೆ ಅನ್ನೋದಕ್ಕೆ ಮಹಾರಾಷ್ಟ್ರದ ಒಂದು ಹಳೆಯ ನಿಧಿಯನ್ನು ನೆನಪಿಸುತ್ತೇನೆ.

1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲಥೆಂಬಿ ಎಂಬ ಹಳ್ಳಿಯಲ್ಲಿ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಸುಮಾರು 13,250 ನಾಣ್ಯ, ಎಲ್ಲವೂ ಕ್ಷಹರಾತ ನಹಪಾನನವು. ಅದರಲ್ಲಿ ಸುಮಾರು 9,270ರ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದ. ನಾಸಿಕ್ ಗುಹೆಯಲ್ಲಿ ಅವನ ತಾಯಿ ಬಲಶ್ರೀಯ ಶಾಸನ ಇದೆಯಲ್ಲ, ಮಗ ಖಖರಾತ ವಂಶವನ್ನು ಬೇರುಸಹಿತ ಕಿತ್ತವನು ಅಂತ ಹೊಗಳುತ್ತದೆ. ಶಾಸನದ ಹೊಗಳಿಕೆ ನಿಜವೋ ಉತ್ಪ್ರೇಕ್ಷೆಯೋ ಅನ್ನುವ ಪ್ರಶ್ನೆಗೆ ಆ ನಿಧಿ ಸಾಕ್ಷಿ ಹೇಳಿತು. ಸಾಕ್ಷಿ ಹೇಳಿದ್ದು ಯಾವುದೋ ಒಂದು ನಾಣ್ಯವಲ್ಲ. ಮೂರರಲ್ಲಿ ಎರಡು ಪಾಲು ಮರುಮುದ್ರೆ ಆಗಿದೆ ಎಂಬ ಪ್ರಮಾಣ, ಅದೂ ನಾಸಿಕ್‌ನ ನೆಲದಲ್ಲೇ ಎಂಬ ಸ್ಥಳ. ಅಷ್ಟೂ ನಾಣ್ಯ ಒಂದೊಂದಾಗಿ ವೆಲ್ವೆಟ್ಟಿನ ಮೇಲೆ ಬಂದು, ಚೆನ್ನಾಗಿದ್ದದ್ದನ್ನು ಒಬ್ಬ, ಮರುಮುದ್ರೆಯದ್ದನ್ನು ಇನ್ನೊಬ್ಬ ಆರಿಸಿಕೊಂಡು ಹೋಗಿದ್ದರೆ ನಮ್ಮ ಹತ್ತಿರ 13,250 ಚಂದದ ನಾಣ್ಯ ಇರುತ್ತಿದ್ದವು. ಚರಿತ್ರೆಯ ಆ ವಾಕ್ಯ ಇರುತ್ತಿರಲಿಲ್ಲ.

ನಮ್ಮ ನೆಲದ್ದೇ ಬೇಕಾದರೆ ಚುಟುಗಳನ್ನು ನೋಡಿ. ಕಾರವಾರದ ಕಡೆ ಸಿಕ್ಕ ಸೀಸದ ನಾಣ್ಯಗಳ ಮೇಲೆ ಚುಟುಕುಲಾನಂದನ ಹೆಸರಿದೆ. ಬನವಾಸಿಯ ಮಧುಕೇಶ್ವರ ದೇವಾಲಯದ ನಾಗಶಿಲ್ಪದ ಪ್ರಾಕೃತ ಶಾಸನದಲ್ಲೂ ಚುಟುಕುಲಾನಂದ ಶಾತಕರ್ಣಿ ಬರುತ್ತಾನೆ. 1908ರಲ್ಲಿ ರ‍್ಯಾಪ್ಸನ್ ಬ್ರಿಟಿಷ್ ಮ್ಯೂಸಿಯಮ್ಮಿನ ಕ್ಯಾಟಲಾಗ್ ಮಾಡುವಾಗ ಆ ನಾಣ್ಯಗಳ ಪಕ್ಕ ಕಾರವಾರ ಅಂತ ಊರು ಬರೆದಿಟ್ಟಿದ್ದಕ್ಕೆ ನಾಣ್ಯವನ್ನೂ ಕಲ್ಲನ್ನೂ ಒಂದೇ ನಕ್ಷೆಯ ಮೇಲೆ ಇಡಲು ನಮಗೆ ಸಾಧ್ಯವಾಯಿತು. ಅವರಿಗಿಂತ ಮುಂಚೆ ಅದನ್ನು ಕೊಂಡವರು ಯಾರೋ ಊರು ಕೇಳಿದ್ದರು.

ಓದುವವನ ಪಾಲು

ಶಾಸನ ಓದಬಲ್ಲವರಿಗೆ ಮೇಳದಲ್ಲಿ ಇನ್ನೊಂದು ಬಲೆ ಇದೆ. ಒಮ್ಮೆ ಒಬ್ಬರು ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ತಾಮ್ರಪಟದ ಫೋಟೋ ತೋರಿಸಿದರು. “ಸಾರ್, ಇದರಲ್ಲಿ ಯಾವ ರಾಜನ ಹೆಸರಿದೆ ಅಂತ ಮಾತ್ರ ಹೇಳಿ ಸಾಕು.” ನಾನು ಎರಡು ಸಾಲು ಓದುವಷ್ಟರಲ್ಲಿ ಅವರ ಕಣ್ಣು ಯಾಕೆ ಹಾಗೆ ಹೊಳೆಯುತ್ತಿದೆ ಅಂತ ಅರ್ಥ ಆಯಿತು. ನಾನು ಹೇಳುವ ಹೆಸರು ಅವರ ಚೌಕಾಸಿಯ ಮೊದಲ ಅಂಕಿ ಆಗುತ್ತದೆ. ನಮ್ಮ ಓದು ಅಲ್ಲಿ ವಿದ್ವತ್ತಲ್ಲ, ಬೆಲೆಯ ಚೀಟಿ. ಫ್ಲೀಟ್ ಗಂಗರ ಅನೇಕ ತಾಮ್ರಪಟಗಳನ್ನು ಕೂಟಶಾಸನ ಅಂತ ಪಕ್ಕಕ್ಕಿಟ್ಟದ್ದು ನೆನಪಿದೆಯಲ್ಲ? ಲಿಪಿ, ಭಾಷೆ, ತಿಥಿ ಎಲ್ಲ ತಾಳೆ ನೋಡಿ ಮಾಡುವ ಕೆಲಸ ಅದು. ಅದನ್ನು ಕಲ್ಯಾಣ ಮಂಟಪದ ಕಾರಿಡಾರಿನಲ್ಲಿ ನಿಂತು ಮೊಬೈಲ್ ನೋಡಿ ಮಾಡಲಾಗದು.

ಅವರಿಗೆ ನಾನು ಹೇಳಿದ್ದು ಇಷ್ಟು: “ಇದರಲ್ಲಿ ದಾನ ಕೊಟ್ಟ ಊರಿನ ಹೆಸರಿರುತ್ತೆ. ಯಾವ ಮನೆಯಲ್ಲಿತ್ತು, ಹೆಂಗೆ ನಿಮ್ಮ ಕೈಗೆ ಬಂತು ಅಂತ ಹೇಳಿ, ಪೂರ್ತಿ ಓದಿಕೊಡ್ತೀನಿ. ಪುರಾತತ್ವ ಇಲಾಖೆಗೆ ತಿಳಿಸೋಕೂ ಜೊತೆಗೆ ಬರ್ತೀನಿ.” ಫೋನು ಜೇಬಿಗೆ ಹೋಯಿತು. ನಾನು ಹೇಳಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತೆ. ಆದರೆ ಆ ಪಟ ಈಗ ಎಲ್ಲಿದೆಯೋ ಎಂಬ ಕೊರಗು ಹೋಗಿಲ್ಲ. ಒಂದು ವ್ಯತ್ಯಾಸ ಮಾತ್ರ ಸಮಾಧಾನ. ತಾಮ್ರಪಟ ಎಲ್ಲಿಗೆ ಹೋದರೂ ತನ್ನ ಊರನ್ನು ಮೈಮೇಲೆ ಹೊತ್ತುಕೊಂಡೇ ಹೋಗುತ್ತದೆ. ನಾಣ್ಯಕ್ಕೆ ಆ ಭಾಗ್ಯ ಇಲ್ಲ. ಅದರ ಊರು ನಮ್ಮ ಬಾಯಲ್ಲಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಚೌಕಾಸಿ ಬೇಡವೇ?

ಬೇಡ ಅನ್ನುವಷ್ಟು ಮಡಿವಂತ ನಾನಲ್ಲ. ವ್ಯಾಪಾರಿಗಳನ್ನು ಕಳ್ಳರು ಅಂತ ಕರೆಯುವ ಅಭ್ಯಾಸವೂ ನನಗಿಲ್ಲ. ಅಕ್ಷರ ತಿರುವಿದರೆ ಬೇರೆ ಅಚ್ಚು ಅಂತ ಬೆರಳ ತುದಿಯಲ್ಲೇ ಹೇಳುವ ವ್ಯಾಪಾರಿಗಳಿದ್ದಾರೆ. ಟಿಪ್ಪುವಿನ ಪೈಸೆಯ ಮೇಲಿನ ಮೌಲೂದಿ ವರ್ಷವನ್ನು ಬಲದಿಂದ ಎಡಕ್ಕೆ ಓದಬೇಕು ಅಂತ ನನಗೆ ಮೊದಲು ಹೇಳಿಕೊಟ್ಟದ್ದು ಪುಸ್ತಕವಲ್ಲ, ಒಬ್ಬ ವ್ಯಾಪಾರಿ. ನನ್ನ ತಕರಾರು ಚೌಕಾಸಿ ಯಾವುದರ ಮೇಲೆ ನಡೆಯಬೇಕು, ಯಾವುದರ ಮೇಲೆ ನಡೆಯಬಾರದು ಅನ್ನೋದರ ಬಗ್ಗೆ.

ನಮ್ಮ ಕಾರ್ಖಾನೆಗೆ ಉಕ್ಕಿನ ಸರಳು ಬರುವಾಗ ಪರ್ಚೇಸ್ ವಿಭಾಗದವರು ಕಿಲೋಗೆ ಐವತ್ತು ಪೈಸೆಗಾಗಿ ಗಂಟೆಗಟ್ಟಲೆ ಗುದ್ದಾಡುತ್ತಾರೆ. ಆದರೆ ಸರಳಿನ ಹೀಟ್ ನಂಬರು, ಟೆಸ್ಟ್ ಸರ್ಟಿಫಿಕೇಟು ಬಿಟ್ಟುಕೊಟ್ಟು ಬೆಲೆ ಇಳಿಸಿಕೊಳ್ಳುವುದಿಲ್ಲ. ಯಾವ ಕುಲುಮೆಯ ಯಾವ ಪಾಕದ್ದು ಅಂತ ಗೊತ್ತಿಲ್ಲದ ಸರಳು ನೋಡೋಕೆ ಎಷ್ಟೇ ಚೆನ್ನಾಗಿರಲಿ, ಯಂತ್ರಕ್ಕೆ ಹಾಕುವ ಹಾಗಿಲ್ಲ. ಕಾಗದ ಇಲ್ಲದಿದ್ದರೆ ಅದು ಗುಜರಿ. ವಾರಪೂರ್ತಿ ಈ ನಿಯಮ ಪಾಲಿಸುವ ನಾನು ಭಾನುವಾರ ಇಪ್ಪತ್ತಮೂರು ಆನೆಗಳ ಹೀಟ್ ನಂಬರನ್ನು 1,050 ರೂಪಾಯಿಗೆ ಬಿಟ್ಟುಕೊಟ್ಟೆ.

ಈಗ ನಾನು ಪಾಲಿಸುವ ಕ್ರಮ ಹೇಳುತ್ತೇನೆ. ಒಪ್ಪಿಗೆ ಆದರೆ ನೀವೂ ಮಾಡಿ.

ಬೆಲೆಗೆ ಮುಂಚೆ ಒಂದೇ ಪ್ರಶ್ನೆ: ಹಳೇ ಸಂಗ್ರಹದ್ದೋ, ಹೊಸದಾಗಿ ನೆಲದಿಂದ ಬಂದಿದ್ದೋ? ಸಂದಿನಲ್ಲಿ ಮಣ್ಣಿದ್ದರೆ ಬಾಯಿಗಿಂತ ಅದನ್ನು ನಂಬಬೇಕು. ಹೊಸದು ಅನ್ನಿಸಿದರೆ ಕೊಳ್ಳುವುದಿಲ್ಲ, ಜಿಲ್ಲಾಡಳಿತಕ್ಕೆ ತಿಳಿಸಿ ಅಂತ ಹೇಳುತ್ತೇನೆ. ಈ ಲೆಕ್ಕದಲ್ಲಿ ಆ ಕೆಮ್ಮಣ್ಣಿನ ಡಬ್ಬಿಯನ್ನು ನಾನು ಮುಟ್ಟಲೇಬಾರದಿತ್ತು; ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಹಳೆಯದಾದರೆ, ಬಿಡಿಸುವ ಮುಂಚೆ ಇಡೀ ಲಾಟಿನ ಎರಡೂ ಮುಖದ ಫೋಟೋ ತೆಗೆಯಲು ಅನುಮತಿ ಕೇಳುತ್ತೇನೆ. ಹೆಚ್ಚಿನವರು ಬೇಡ ಅನ್ನಲ್ಲ. ಬೆಲೆ ಕೊಸರಾಡುವಾಗ ಅಂಕಿಯ ಮೇಲೆ ಕೊಸರಾಡುತ್ತೇನೆ, ಅಕ್ಷರದ ಬಗ್ಗೆ ಸುಳ್ಳು ಹೇಳುವುದಿಲ್ಲ. “ಚೆನ್ನಾಗಿದೆ, ಆದರೆ ನನ್ನ ಕೈಗೆ ಇಷ್ಟೇ ಸಾಧ್ಯ” ಅಂದರೂ ಬೆಲೆ ಇಳಿಯುತ್ತದೆ. ಆಶ್ಚರ್ಯ ಅಂದರೆ, ತೆಗಳಿದಾಗ ಇಳಿಯುತ್ತಿದ್ದಷ್ಟೇ ಇಳಿಯುತ್ತದೆ.

ಊರಿನ ಪ್ರಶ್ನೆ ಕೊನೆಗೆ, ದುಡ್ಡು ಅವರ ಕೈಸೇರಿದ ಮೇಲೆ. ಇದಕ್ಕೆ ಕಾರಣ ಇದೆ. ಈ ಮಾತು ಎತ್ತಿದಾಗ ಗೆಳೆಯರೊಬ್ಬರು ಆಕ್ಷೇಪ ಮಾಡಿದರು: “ಊರಿಗೆ ಬೆಲೆ ಬಂದರೆ ಎಲ್ಲವೂ ಹಂಪಿಯಲ್ಲೇ ಸಿಕ್ಕಿದ್ದು ಅಂತ ಶುರು ಮಾಡ್ತಾರೆ, ನೋಡ್ತಿರಿ.” ಸರಿಯಾದ ಮಾತು. ಬೆಲೆ ಕುದುರುವ ಮುಂಚೆ ಊರು ಕೇಳಿದರೆ ಊರೂ ಸರಕಾಗುತ್ತದೆ. ಕೊಟ್ಟಾದ ಮೇಲೆ ಕೇಳಿದರೆ ಸುಳ್ಳು ಹೇಳಿ ಲಾಭ ಇಲ್ಲ. ಹೆಚ್ಚೆಂದರೆ ಗೊತ್ತಿಲ್ಲ ಅನ್ನುತ್ತಾರೆ. ಏನೇ ಹೇಳಿದರೂ ಅದು ಕೇಳಿದ ಮಾತು ಅಷ್ಟೇ. ಅದಕ್ಕೇ ಕವರಿನ ಮೇಲೆ ‘ಸಿಕ್ಕ ಊರು’ ಅಂತ ಬರೆಯದೆ ‘ವ್ಯಾಪಾರಿ ಹೇಳಿದ ಊರು’ ಅಂತ ಬರೆದು, ತಾರೀಖು, ಲಾಟಿನಲ್ಲಿ ಒಟ್ಟು ಎಷ್ಟಿತ್ತು, ನಾನು ತಗೊಂಡದ್ದು ಎಷ್ಟು, ತೂಕ ಎಷ್ಟು ಅಂತ ಸೇರಿಸುತ್ತೇನೆ. ಐವತ್ತು ವರ್ಷ ಆದ ಮೇಲೆ ಯಾರಾದರೂ ಇಂಥ ಇನ್ನೂರು ಕವರು ಒಟ್ಟಿಗೆ ಹರಡಿ ನೋಡಿದರೆ ಸುಳ್ಳು ಯಾವುದು ಅಂತ ಅವರಿಗೆ ಕಾಣುತ್ತದೆ. ಖಾಲಿ ಕವರು ಹರಡಿದರೆ ಏನೂ ಕಾಣಲ್ಲ.

ಕ್ರಯಶಾಸನಗಳು ಜಮೀನಿನ ಜೊತೆ ಅಷ್ಟಭೋಗವನ್ನೂ ಬಿಟ್ಟುಕೊಡುತ್ತವೆ. ಅದರಲ್ಲಿ ಮೊದಲ ಎರಡು ‘ನಿಧಿ’ ಮತ್ತು ‘ನಿಕ್ಷೇಪ’. ನೆಲದೊಳಗೆ ಹೂತಿಟ್ಟದ್ದೂ ಆ ನೆಲಕ್ಕೇ ಸೇರಿದ್ದು ಅಂತ ಲೆಕ್ಕ; ನೆಲ ಯಾರಿಗೆ ಹೋಯಿತೋ ನಿಧಿಯೂ ಅವರಿಗೆ. ಈಗಿನ ಕಾನೂನು ಬೇರೆ, ಹಕ್ಕು ಯಾರದ್ದು ಅನ್ನೋದು ಬೇರೆ. ಆದರೆ ನಿಧಿ ಮತ್ತು ನೆಲ ಬೇರೆಬೇರೆ ಅಲ್ಲ ಅನ್ನುವಷ್ಟು ವಿವೇಕ ಆ ಕರಣಿಕರಿಗೆ ಇತ್ತು.

ನನ್ನ ಏಳು ಆನೆಗಳು ಒಂದೇ ಕವರಿನಲ್ಲಿವೆ. ತೊಳೆದಿಲ್ಲ. ಫೋಟೋ, ತೂಕ ಎಲ್ಲ ಮಾಡಿಟ್ಟಿದ್ದೇನೆ, ಪುರಾತತ್ವ ಇಲಾಖೆಗೆ ಕೊಡುವುದಕ್ಕೆ ಪತ್ರವನ್ನೂ ಬರೆದಿದ್ದೇನೆ. ಕವರಿನ ಮೇಲೆ ‘23ರಲ್ಲಿ 7’ ಅಂತ ಇದೆ. ಅದರ ಕೆಳಗೆ ಮೊದಲು ‘ಊರು: ಗೊತ್ತಿಲ್ಲ’ ಅಂತ ಬರೆದಿದ್ದೆ. ಅದು ಪೂರ್ತಿ ನಿಜ ಅಲ್ಲ ಅನ್ನಿಸಿ ಹೊಡೆದುಹಾಕಿ ‘ಊರು: ಕೇಳಲಿಲ್ಲ’ ಅಂತ ತಿದ್ದಿದೆ.

ಉಳಿದ ಹದಿನಾರರಲ್ಲಿ ಕೆಲವಾದರೂ ಇದನ್ನು ಓದುತ್ತಿರುವ ಯಾರದೋ ಆಲ್ಬಮ್ಮಿನಲ್ಲಿ ಇರಬಹುದು. ಎರಡು ವರ್ಷದ ಹಿಂದೆ ಬೆಂಗಳೂರಿನ ಮೇಳದಲ್ಲಿ, ಮೂಲೆಯ ಟೇಬಲ್ಲಿನಲ್ಲಿ, ಸಿಹಿತಿಂಡಿಯ ಡಬ್ಬಿಯಿಂದ ಆರಿಸಿಕೊಂಡ ತಾಮ್ರದ ಆನೆ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಒಮ್ಮೆ ಬೆಳಕಿಗೆ ಓರೆ ಹಿಡಿದು ನೋಡಿ. ಆನೆಯ ಮೇಲೆ ‘ಲ’ ಇದೆಯೇ, ಬಾಲದ ಹತ್ತಿರ ಬಿರುಕು ಇದೆಯೇ ಅಂತ ತಿಳಿಸಿ. ನಾಣ್ಯ ನನಗೆ ಬೇಡ. ಎರಡೂ ಮುಖದ ಫೋಟೋ ಸಾಕು. ಅವತ್ತು ನೀವು ಅಜ್ಜನನ್ನು ಊರು ಕೇಳಿದ್ದರಂತೂ, ಆ ಒಂದು ಮಾತು ತಪ್ಪದೆ ಬರೆದು ಕಳಿಸಿ.